ಎಲೆ ಹಿಡಿದವಳ ಕ್ಯಾಸೆಟ್ಟು

ಹಾಡಿಗೆ ಸಾಲ ಕೊಡುವ ಬ್ಯಾಂಕು ಇಲ್ಲ. ಶಹಾಪುರದ ಮ್ಯಾನೇಜರೊಬ್ಬರು ಇದನ್ನು ನನಗೆ ನಗುತ್ತಲೇ ಹೇಳಿದರು. ಅರ್ಜಿಯ ಮೇಲೆ ನನ್ನ ಬಿ.ಎ. ಪ್ರಮಾಣಪತ್ರದ ನಕಲನ್ನು ಪಿನ್ನು ಚುಚ್ಚಿ ಇಟ್ಟಿದ್ದೆ. ಅವರು ಅದನ್ನು ಪಕ್ಕಕ್ಕೆ ಮಡಚಿ ಕೆಳಗಿನ ಹಾಳೆಯನ್ನಷ್ಟೇ ಓದಿದರು.

"ಎಮ್ಮಿ ಅಂತ ಬರಿಯವ್ವ, ಕುರಿ ಅಂತ ಬರಿ, ಹೊಲಿಗಿ ಮಷೀನ್ ಅಂತ ಬರಿ. ನಾಳೇನೆ ಕೊಡ್ತೀನಿ. ಎಮ್ಮಿಗಾದ್ರ ಕಿವಿಯಾಗ ಬಿಲ್ಲಿ ಹೊಡೀತೀವಿ. ನಿನ್ನ ಹಾಡಿಗಿ ಎಲ್ಲಿ ಹೊಡೀಲಿ?"

"ಕ್ಯಾಸೆಟ್ಟಿನ ಮ್ಯಾಲ ಹಾಡಿದವರ ಹೆಸರು ಇರ್ತದ್ರಿ."

"ಎಮ್ಮಿ ಸತ್ರ ಇನ್ಶೂರೆನ್ಸ್ ಬರ್ತದ. ಹಾಡು ಸತ್ರ?"

ಪಕ್ಕದ ಮೇಜಿನ ಗುಮಾಸ್ತನೂ ನಕ್ಕ. ನಾನು ನಗಲಿಲ್ಲ. ಪ್ರಮಾಣಪತ್ರದ ಮಡಿಕೆ ಬಿಡಿಸಿಕೊಂಡು ಎದ್ದು ಬಂದೆ. ನಮ್ಮ ಓಣಿಯಲ್ಲಿ ಅಂಥ ಹಾಳೆ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಅಪ್ಪ ಅದರ ಅಸಲಿಗೆ ಕಟ್ಟು ಹಾಕಿಸಿ ಬುದ್ಧನ ಪಟದ ಪಕ್ಕ ತೂಗುಹಾಕಿದ್ದ. ಅದನ್ನು ಮಡಚುವ ಹಕ್ಕು ಯಾರಿಗೂ ಇಲ್ಲ ಎಂದು ನಾನು ಆಗ ನಂಬಿದ್ದೆ, ಈಗಲೂ ನಂಬುತ್ತೇನೆ.

ನಮ್ಮೂರು ಸುರಪುರದ ಹತ್ತಿರದ ದೇವಾಪುರ. ಅವ್ವ ನಾಟಿ ಹಚ್ಚುವ ಹೆಂಗಸರ ಗುಂಪಿನ ಮುಂದಾಳು. ಅವಳ ಸಣ್ಣಂದಿನಲ್ಲಿ ನಮ್ಮ ಕಡೆ ನಾಟಿ ಎಂಬುದೇ ಇರಲಿಲ್ಲ. ಜೋಳ, ಹತ್ತಿ, ಶೇಂಗಾ. ಹೆಂಗಸರು ಕಳೆ ತೆಗೆಯುತ್ತ ಕೂತು ಹಾಡುತ್ತಿದ್ದರು. ಕಾಲುವೆ ಬಂದು ನೆಲ್ಲು ಬಂದ ಮೇಲೆ ಕೂತು ಹಾಡುವವರು ಕೆಸರಿನಲ್ಲಿ ಬಗ್ಗಿ, ಹಿಂದೆ ಹಿಂದೆ ಸರಿಯುತ್ತ ಹಾಡಬೇಕಾಯಿತು. ಹಳೆಯ ಪದಗಳು ಆ ನಡಿಗೆಗೆ ಹೊಂದಲಿಲ್ಲ. ಅವ್ವ ಹೊಸ ಪದ ಕಟ್ಟಿದಳು. ಅವಳು ಒಂದು ಸಾಲು ಎತ್ತುತ್ತಾಳೆ:

"ಕಾಲುವಿ ಬಂತವ್ವ ಕೆಂಪ ನೀರ ತಂತವ್ವ, ನಾ ನಡದ ಹಾದಿ ಮುಳುಗೈತಿ..."

ಗುಂಪು ಎತ್ತುತ್ತದೆ:

"ಮುಂದ ಹಸರಾಗ್ಲಿ, ಹಿಂದಕ್ಕ ಸರಿಯವ್ವ ಹಿಂದಕ್ಕ ಸರಿ."

ಈ ಪದವನ್ನು ನಾನು ಒಂದು ದಿನ ಸುರಪುರದಿಂದ ಶಹಾಪುರಕ್ಕೆ ಹೋಗುವ ಟೆಂಪೋದಲ್ಲಿ ಕೇಳಿದೆ. ಶಹಾಪುರದ ಖಾಸಗಿ ಶಾಲೆಯೊಂದರಲ್ಲಿ ಆಗ ನಾನು ಪಾಠ ಹೇಳುತ್ತಿದ್ದೆ, ಅಲ್ಲೇ ಕೋಣೆ ಹಿಡಿದು ವಾರಕ್ಕೊಮ್ಮೆ ಊರಿಗೆ ಬಂದು ಹೋಗುತ್ತಿದ್ದೆ. ಯಾರೋ ಗಂಡಸು ಹಾಡಿದ್ದ. ಕೀಬೋರ್ಡು, ಢೋಲಕ್ಕು, ನಡುನಡುವೆ ಶಿಳ್ಳೆ. ಡ್ರೈವರನ ಕೈಯಿಂದ ಕ್ಯಾಸೆಟ್ಟಿನ ಡಬ್ಬಿ ಇಸಕೊಂಡು ನೋಡಿದೆ. ಹಾಡಿದವನ ಫೋಟೋ ಇತ್ತು, ಕಂಪನಿಯ ಹೆಸರಿತ್ತು. ಪದ ಕಟ್ಟಿದವರು ಯಾರು ಎಂಬಲ್ಲಿ 'ಜಾನಪದ' ಎಂದಿತ್ತು. ಅವ್ವ ಬದುಕಿದ್ದಳು, ಅವತ್ತು ಬೆಳಿಗ್ಗೆ ನನಗೆ ರೊಟ್ಟಿ ಕಟ್ಟಿಕೊಟ್ಟಿದ್ದಳು. ಹಿಂದಿನ ವರ್ಷ ಹೊಲಕ್ಕೆ ಟೇಪ್‌ರೆಕಾರ್ಡರ್ ಹಿಡಿದು ಬಂದವರಿಗೆ ಅವಳೇ ನೀರು ಕೊಟ್ಟು ಹಾಡಿ ಕಳಿಸಿದ್ದಳು.

ಅವ್ವನ ದನಿ ಅವ್ವನ ಹೆಸರಿನಲ್ಲೇ ಕ್ಯಾಸೆಟ್ಟಿನಲ್ಲಿ ಬರಬೇಕು. ನನಗೆ ಬೇಕಾದದ್ದು ಇಷ್ಟೇ. ಸಣ್ಣ ಬೇಡಿಕೆ ಎಂದುಕೊಂಡಿದ್ದೆ.

ಸೊಲ್ಲಾಪುರದಲ್ಲಿ ಒಂದು ಸ್ಟುಡಿಯೋ ಇತ್ತು. ಯಾದಗಿರಿಯಲ್ಲಿ ರೈಲು ಹತ್ತಿದರೆ ನೇರ ಹೋಗಿ ಇಳಿಯಬಹುದು. ಅಲ್ಲಿನ ಬಾಡಿಗೆ ಶಿಫ್ಟಿನ ಲೆಕ್ಕ, ಮುಂಗಡ ಕೊಟ್ಟರಷ್ಟೇ ತಾರೀಖು, ತಾರೀಖು ತಪ್ಪಿದರೆ ಮುಂಗಡ ಹೋಯಿತು. ಅದರ ಮೇಲೆ ಖಾಲಿ ಕ್ಯಾಸೆಟ್ಟು, ಪ್ರತಿ ತೆಗೆಯುವ ಖರ್ಚು, ಹೊದಿಕೆಯ ಛಪಾಯಿ, ಹಾಡುವವರ ರೈಲು ಚೀಟಿ, ಊಟ, ತಪ್ಪಿದ ಕೂಲಿ. ಬ್ಯಾಂಕು ಕೈಬಿಟ್ಟ ಮೇಲೆ ನಾನು ನಮ್ಮ ಓಣಿಯ ಹೆಂಗಸರ ಉಳಿತಾಯ ಸಂಘಕ್ಕೆ ಹೋದೆ. ಹಾಡುವವರೂ ಸಾಲ ಕೊಡುವವರೂ ಅಲ್ಲಿ ಅದೇ ಹೆಂಗಸರು. ಗುಂಪಿನಲ್ಲಿ ಬಾಯಿ ಜೋರಿದ್ದ ನನ್ನ ಚಿಗವ್ವ ಎದ್ದು ನಿಂತು, "ನಮ್ಮ ರೊಕ್ಕ ನಮಗ ಸಾಲ ಕೊಟ್ಟು, ನಮ್ಮ ಹಾಡು ನಾವ ಹಾಡಿ, ನಮಗ ಬಡ್ಡಿ ಕಟ್ಟೋದು. ಇದಕ್ಕ ಬಿ.ಎ. ಓದಬೇಕಾತೇನ?" ಎಂದಳು. ಎಲ್ಲರೂ ನಕ್ಕರು, ನಕ್ಕು ಹೆಬ್ಬೆಟ್ಟು ಒತ್ತಿದರು. ಆದರೂ ಅದು ಸ್ಟುಡಿಯೋದ ಮುಂಗಡಕ್ಕೆ ಸಾಕಾಯಿತಷ್ಟೇ.

ಎರಡನೆಯದಾಗಿ ನನ್ನ ಹೈಸ್ಕೂಲಿನ ಮಾಸ್ತರರು ಹಣ ಹಾಕಿದರು. ಫೀಸು ಕಟ್ಟಿ ನನ್ನನ್ನು ಮೆಟ್ರಿಕ್ ಪರೀಕ್ಷೆಗೆ ಕೂರಿಸಿದವರು ಅವರು. "ಮನ್ಯಾಗ ಗೊತ್ತಿಲ್ಲ. ಮುಂದಿನ ಯುಗಾದಿಯೊಳಗ ಕ್ಯಾಸೆಟ್ ಕೈಯಾಗ ಇರಬೇಕು, ಅಂದ್ರ ಅಕಿಗೆ ತೋರಿಸಿ ಬೈಸಿಕೋತೀನಿ. ಖಾಲಿ ಕೈಲೆ ಬೈಸಿಕೊಳ್ಳಾಕ ಆಗಲ್ಲ" ಎಂದರು.

ಮೂರನೆಯವರು ಅಕ್ಕಿ ಮಿಲ್ಲಿನ ಸಾವ್ಕಾರರು. ಮಿಲ್ಲು ಶಹಾಪುರದಲ್ಲಿ, ಹೊಲ ನಮ್ಮ ಸೀಮೆಯಲ್ಲಿ, ಕಾಲುವೆಯ ಬಾಯಿಗೆ ಹತ್ತಿದಂತೆ. ಅವರಾಗಿಯೇ ಹೇಳಿ ಕಳಿಸಿದ್ದರು. ನಾನು ಛಾಪಾ ಕಾಗದದ ಮೇಲೆ ಕರಾರು ಬರೆದುಕೊಂಡೇ ಹೋದೆ: ಅವರು ಹಾಕುವ ಹಣ ಧ್ವನಿಮುದ್ರಣಕ್ಕೆ ಮಾತ್ರ, ಮಾರಿದ ಪ್ರತಿ ಕ್ಯಾಸೆಟ್ಟಿನ ಲಾಭದಲ್ಲಿ ಅವರಿಗೆ ಇಷ್ಟು ಪಾಲು, ಹಾಡಿನ ಹಕ್ಕು, ಹೆಸರು ಹಾಡುವವರದೇ. ಸುರಪುರದ ವಕೀಲರೊಬ್ಬರು ನೋಡಿ ಒಂದಕ್ಷರ ತಿದ್ದದೆ ಹಿಂದಕ್ಕೆ ಕೊಟ್ಟಿದ್ದರು. ಸಾವ್ಕಾರರು ಓದದೆ ಸಹಿ ಮಾಡಿದರು.

"ಬರಾಬರ್ ಐತಿ. ಆದ್ರ ರೊಕ್ಕ ನಿನ್ನ ಕೈಯಾಗ ಕೊಡಲ್ಲ. ಹಾಡವ್ರು ಬರ್ಲಿ, ನನ್ನ ಅಂಗಳದಾಗ ಒಂದು ಪದ ಹೇಳ್ಲಿ, ಅವರ ಕೈಯಾಗ ಕೊಡ್ತೀನಿ" ಎಂದರು.

ಮರುದಿನ ಗುಂಪು ಅವರ ಊರ ಮನೆಯ ಅಂಗಳಕ್ಕೆ ಹೋಯಿತು. ಸಾವ್ಕಾರರು ಕಟ್ಟೆಯ ಮೇಲೆ ಕೂತಿದ್ದರು. ಅವ್ವ ಎರಡು ಪದ ಹೇಳಿದಳು. ಮುನೀಮ ತಟ್ಟೆ ತಂದ. ಅದರಲ್ಲಿ ಹಣ, ಅದರ ಮೇಲೆ ಎಲೆ, ಅಡಿಕೆ. ಇಲ್ಲಿ ಒಂದು ಮಾತು ಹೇಳಬೇಕು. ಪ್ರತಿ ಹಂಗಾಮಿಗೆ ಮುಂಚೆ ಹೊಲದವರು ನಾಟಿ ಗುಂಪಿನ ಮುಂದಾಳಿಗೆ ಎಲೆ-ಅಡಿಕೆಯ ಜೊತೆ ಮುಂಗಡ ಕೊಡುತ್ತಾರೆ. ಎಲೆ ಹಿಡಿದ ಗುಂಪು ಆ ಹೊಲ ಮುಗಿಸಿಯೇ ಬೇರೆ ಕಡೆ ಕಾಲಿಡಬೇಕು. ಒಬ್ಬರ ಎಲೆ ಇರುವ ಹೊಲಕ್ಕೆ ಇನ್ನೊಂದು ಗುಂಪು ಇಳಿಯುವುದಿಲ್ಲ, ಎಲೆ ಹಿಡಿದವಳು ತಾನೇ ಸಾಲಿನಲ್ಲಿ ನಿಂತು ಕರೆದರೆ ಮಾತ್ರ ಇಳಿಯುತ್ತದೆ. ಕಾಲುವೆ ಬಂದ ಮೇಲೆ ಹುಟ್ಟಿದ ಪದ್ಧತಿ ಇದು, ಎಲ್ಲೂ ಬರೆದಿಲ್ಲ. ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಮುಂಗಡವನ್ನು ಯಾವಾಗಲೂ ಮುನೀಮನೇ ಕೊಡುತ್ತಿದ್ದ, ಅದೂ ಮೇಲಿನಿಂದ ನಮ್ಮವರ ಸೆರಗಿಗೆ ಬಿಡುತ್ತಿದ್ದ. ಅವತ್ತು ಸಾವ್ಕಾರರು ತಾವೇ ಎದ್ದು, ಕಟ್ಟೆ ಇಳಿದು, ಅವ್ವನ ಕೈಗೆ ಕೈ ತಾಗುವಂತೆ ಇಟ್ಟರು.

ನಮ್ಮ ಓಣಿಯ ಹೆಂಗಸಿನ ಕೈಗೆ ಆ ಮನೆಯವರ ಕೈ ತಾಗಿದ್ದನ್ನು ಅಲ್ಲಿ ಯಾರೂ ನೋಡಿರಲಿಲ್ಲ. ಇದು ಕಲಾವಿದರಿಗೆ ಕೊಡುವ ಮರ್ಯಾದೆ, ಅದಕ್ಕೇ ಎಲೆ-ಅಡಿಕೆ ಎಂದುಕೊಂಡೆ.

ಅವ್ವ ತಟ್ಟನೆ ಮುಷ್ಟಿ ಮುಚ್ಚಲಿಲ್ಲ. "ಇದು ಹಾಡಿಂದೇನ್ರಿ, ಹೊಲದ್ದೇನ್ರಿ?" ಎಂದು ಕೇಳಿದಳು.

"ನಿಮಗ ಹೊಲ, ಹಾಡು ಬ್ಯಾರಿ ಬ್ಯಾರಿ ಅದಾವೇನು?" ಎಂದು ಸಾವ್ಕಾರರು ನಕ್ಕರು. ಎಲ್ಲರೂ ನಕ್ಕರು.

"ಹಾಡಿಂದಬೇ. ಕಾಗದ ಆಗ್ಯಾದ" ಎಂದೆ ನಾನು. ಅವ್ವ ಮುಷ್ಟಿ ಮುಚ್ಚಿದಳು.

ಮುಂದಿನ ಒಂದು ತಿಂಗಳು ನಾನು ಶಾಲೆ ಮುಗಿಸಿ ಸಂಜೆಯ ಬಸ್ಸಿಗೆ ಊರಿಗೆ ಬಂದು ತಾಲೀಮು ಮಾಡಿಸಿದೆ. ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಅರ್ಧ ತಾಸು. ಹೊಲದಲ್ಲಿ ಒಂದು ಪದ ಒಂದು ಮಡಿ ಮುಗಿಯುವವರೆಗೆ ನಡೆಯುತ್ತದೆ. ಮಡಿ ದೊಡ್ಡದಿದ್ದರೆ ಪದವೂ ದೊಡ್ಡದು. ಇದನ್ನು ಕತ್ತರಿಸುವುದೇ ಕಷ್ಟವಾಯಿತು. ಅವ್ವನಿಗೆ 'ಇಲ್ಲಿಗೆ ಮುಗಿಸು' ಎಂದರೆ, "ಇನ್ನೂ ಬದು ಬಂದಿಲ್ಲಲ್ಲ" ಅನ್ನುವಳು. ನಾನು ಅಂಗಳದಲ್ಲಿ ಬೂದಿಯ ಗೆರೆ ಎಳೆದೆ. ಹೆಂಗಸರು ಬಗ್ಗಿ ಹಿಂದಕ್ಕೆ ಸರಿಯುತ್ತ ಹಾಡಿ, ಗೆರೆ ಹಿಮ್ಮಡಿಗೆ ತಾಗಿದಲ್ಲಿ ನಿಲ್ಲಿಸುವರು. ಹೀಗೆ ಎಂಟು ಪದಗಳು ಅಳತೆಗೆ ಬಂದವು. ಓಣಿಯ ಗಂಡಸರು ಕಟ್ಟೆಗೆ ಕೂತು, "ಕೆಸರಿಲ್ಲದ ನಾಟಿ ನೋಡ್ರಪಾ, ಬೂದ್ಯಾಗ ನೆಲ್ಲು ಬೆಳ್ಯಾಕತ್ಯಾರ" ಎಂದು ಚೇಷ್ಟೆ ಮಾಡುವರು.

ಆ ವರ್ಷ ಕಾಲುವೆಗೆ ನೀರು ಬಿಡುವುದು ತಡ ಎಂದು ಸುದ್ದಿ ಇತ್ತು. ಅದನ್ನು ನೋಡಿಯೇ ನಾನು ಸ್ಟುಡಿಯೋದ ತಾರೀಖು ಹಿಡಿದಿದ್ದೆ. ನೀರು ಹೇಳಿದ್ದಕ್ಕಿಂತ ಮುಂಚೆ ಬಂತು. ನಾವು ರೈಲು ಹತ್ತಬೇಕಾದ ಹಿಂದಿನ ದಿನ ಮುನೀಮ ಓಣಿಗೆ ಬಂದು, ಮೋಟಾರ್ ಸೈಕಲ್ಲಿನಿಂದ ಇಳಿಯದೆ ಹೇಳಿದ: "ನಾಳೆ ಹೊತ್ತು ಹೊಂಡೂದ್ರಾಗ ಹೊಲದಾಗ ಇರಬೇಕು. ಸಸಿ ಬಲಿತು ನಿಂತಾವ."

"ಯಾರ ಹೊಲ?" ಎಂದಳು ಚಿಗವ್ವ.

"ಎಲಿ ಯಾರ ಕೊಟ್ಟಾರ?"

ನಾನು ಛಾಪಾ ಕಾಗದ ತೆಗೆದುಕೊಂಡು ಮೊದಲು ಸಿಕ್ಕ ಟೆಂಪೋ ಹತ್ತಿ ಶಹಾಪುರದ ಮಿಲ್ಲಿಗೆ ಹೋದೆ. ಹೊಟ್ಟಿನ ಧೂಳಿನಲ್ಲಿ ಸಾವ್ಕಾರರು ಚಹಾ ಕುಡಿಯುತ್ತಿದ್ದರು. ನನಗೂ ಹೇಳಿದರು. ನಾನು ಬೇಡವೆಂದು ಕಾಗದ ಬಿಚ್ಚಿ ಆ ಸಾಲಿನ ಮೇಲೆ ಬೆರಳಿಟ್ಟೆ.

"ಧ್ವನಿಮುದ್ರಣಕ್ಕೆ ಮಾತ್ರ ಅಂತ ಬರದಾದ್ರಿ. ನೀವ ಸಹಿ ಮಾಡೀರಿ."

"ಇಲ್ಲ ಅಂದೆನೇನು? ಕಾಗದ ನನ್ನ ನಿನ್ನ ನಡುವಿಂದು. ಅದನ್ನ ನಾ ಮುರಿಯಾಕತ್ತಿಲ್ಲ. ನೀ ಕ್ಯಾಸೆಟ್ ಮಾರು, ನನ್ನ ಹಿಸ್ಸಾ ಕೊಡು. ಎಲಿ ನನ್ನ ನಿಮ್ಮವ್ವನ ನಡುವಿಂದು. ಅದನ್ನ ಅಕಿ ಮುರೀತಾಳೇನು, ಕೇಳು."

"ಎರಡೂ ಒಂದ ರೊಕ್ಕರಿ."

"ಅದನ್ನ ಅವತ್ತ ನಾನೂ ಹೇಳಿದೆ. ನೀವೆಲ್ಲ ನಕ್ಕಿರಿ."

ಅವರು ಸಿಟ್ಟಾಗಲೇ ಇಲ್ಲ. ಹೋಗಬೇಕಾದರೆ ಹೋಗಿ, ನನ್ನ ಸಸಿ ಒಣಗಿದರೆ ಒಣಗಲಿ ಎಂದರು. ಆದರೆ ಎಲೆ ಮುರಿದ ಗುಂಪನ್ನು ಆ ಹಂಗಾಮಿಗೆ ಆ ಕಾಲುವೆಯ ಉದ್ದಕ್ಕೂ ಯಾರೂ ಕರೆಯುವುದಿಲ್ಲ ಎಂಬುದನ್ನು ಬಿಡಿಸಿ ಹೇಳುವ ಅಗತ್ಯ ಅವರಿಗಿರಲಿಲ್ಲ. ನಾನು ಏಳುವಾಗ ಎರಡು ಹಾದಿ ತೋರಿಸಿದರು. ಒಂದು: ಎಲೆ ಹಿಡಿದವಳು ನನ್ನ ಹೊಲದಲ್ಲಿ ನಿಲ್ಲಲಿ, ಉಳಿದ ಕೈಗಳು ಯಾರದಾದರೂ ಸರಿ. ಎರಡು: ಕ್ಯಾಸೆಟ್ಟಿನ ಹಕ್ಕನ್ನು ಮಿಲ್ಲಿನ ಹೆಸರಿಗೆ ಬರೆದುಕೊಡು, ನಾನೇ ಎಲೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. "ನಿಮ್ಮವ್ವನ ಫೋಟೋನೂ ಹಾಕಸ್ತೀನಿ, ಚಲೋ ಇರ್ತದ" ಎಂದರು.

ನಾನು ಅಲ್ಲೇ, ನಿಂತಲ್ಲೇ, ಇಲ್ಲ ಎಂದೆ. ಅವ್ವನನ್ನು ಕೇಳಲಿಲ್ಲ. ಬೇರೆಯವರ ಹೆಸರಿನಲ್ಲಿ ಹಾಡು ಹೋದದ್ದಕ್ಕೇ ಇಷ್ಟೆಲ್ಲ ಶುರುವಾದದ್ದು. ಈಗ ನನ್ನ ಸಹಿಯಿಂದಲೇ ಅದನ್ನು ಮಾಡಿಕೊಡುವುದು ನನಗೆ ಸಾಧ್ಯವಿರಲಿಲ್ಲ.

ಊರಿಗೆ ಬಂದು ಮೊದಲ ಹಾದಿಯನ್ನಷ್ಟೇ ಹೇಳಿದೆ. ಅವ್ವ ರೊಟ್ಟಿ ತಟ್ಟುತ್ತಿದ್ದಳು. "ಎಲಿ ಹಿಡದ ಕೈ ನಂದು. ನಾ ನಿಲ್ತೀನಿ. ದೊಡ್ಡಪ್ಪನ ಸೊಸ್ತ್ಯಾರನ್ನ ಕರಕೊಂಡು ಕೈ ಭರ್ತಿ ಮಾಡ್ತೀನಿ. ನೀವು ಹೋಗ್ರಿ, ಕೊಟ್ಟ ರೊಕ್ಕ ನೀರಾಗ ಹೋಗೂದು ಬ್ಯಾಡ" ಎಂದಳು.

"ನೀನಿಲ್ದ ಏನ್ ಹಾಡೋದು, ಎತ್ತವ್ರು ಯಾರು?" ಎಂದಳು ಚಿಗವ್ವ.

"ಅಕಿ ಐದಾಳಲ್ಲ, ಓದಿದಾಕಿ" ಎಂದು ಅವ್ವ ನನ್ನ ಕಡೆ ಗಲ್ಲ ಎತ್ತಿದಳು.

ಯಾದಗಿರಿ ಸ್ಟೇಷನ್ನಿನಲ್ಲಿ ಹೆಂಗಸರು ಮದುವೆಗೆ ಹೊರಟವರಂತೆ ಇದ್ದರು. ಹೊಸ ರವಿಕೆ, ತಲೆಗೆ ಎಣ್ಣೆ.

ಸೊಲ್ಲಾಪುರದ ಸ್ಟುಡಿಯೋ ಒಂದು ಗೋದಾಮಿನ ಮೇಲಂತಸ್ತಿನಲ್ಲಿತ್ತು. ಗೋಡೆಗೆಲ್ಲ ಜಮಖಾನೆ ಹೊಡೆದಿದ್ದರು. ಗಾಜಿನ ಆಚೆ ರೆಕಾರ್ಡಿಂಗ್ ಮಾಡುವವನು, ಮರಾಠಿ ಬೆರೆತ ಕನ್ನಡದ ನಡುವಯಸ್ಸಿನವ, ಒಳ್ಳೆಯ ಕೆಲಸಗಾರ. ಹೆಂಗಸರನ್ನು ಮೈಕಿನ ಮುಂದೆ ಅರ್ಧಚಂದ್ರದಂತೆ ನಿಲ್ಲಿಸಿದ. ಅವರು ನೆಟ್ಟಗೆ ನಿಂತು, ಕೈ ಇಳಿಬಿಟ್ಟು ಹಾಡಿದರು. ಪ್ರಾರ್ಥನೆ ಹೇಳುವ ಶಾಲೆಯ ಹುಡುಗಿಯರ ಹಾಗೆ ಕೇಳಿಸಿತು. ದನಿಯಲ್ಲಿ ಬಲವೇ ಇಲ್ಲ. "ಬಗ್ರಿ" ಎಂದೆ. ಬಗ್ಗಿದರು, ದನಿ ಬಂತು, ಆದರೆ ನೆಲಕ್ಕೆ ಹೋಯಿತು. ಅವನು ತಲೆ ಕೆರೆದುಕೊಂಡು ಮೈಕುಗಳನ್ನೆಲ್ಲ ಮೊಣಕಾಲಿನ ಮಟ್ಟಕ್ಕೆ ಇಳಿಸಿದ, ಕೆಳಗೆ ಕಂಬಳಿ ಹಾಸಿದ, ಹಿಂದೆ ಸರಿಯುವ ಕಾಲಿನ ಸಪ್ಪಳ ಬಾರದಂತೆ. "ಇಷ್ಟು ವರ್ಷದಾಗ ಮೈಕ್ ಇಷ್ಟು ಕೆಳಗ ಕಟ್ಟಿಲ್ಲಾ ಬಾಯಿಸಾಹೇಬ" ಎಂದ. ಚಿಗವ್ವ ಬಗ್ಗಿದಲ್ಲಿಂದಲೇ, "ಇನ್ನೊಂದೀಟು ಇಳಿಸು, ಸಸಿ ಕೊಡ್ತೀನಿ, ನೀನೂ ಹಚ್ಚು" ಎಂದಳು.

ಅವ್ವನ ಸಾಲು ಯಾರು ಹೇಳುವುದು? ಆ ಯಂತ್ರದಲ್ಲಿ ಎಂಟು ಟ್ರ್ಯಾಕು ಇದ್ದವು. ಒಂದೊಂದು ಟ್ರ್ಯಾಕಿನಲ್ಲಿ ಒಂದೊಂದು ದನಿ ಬೇರೆ ಬೇರೆ ಕೂರುತ್ತದೆ. ಅವನು ಗಾಜಿನ ಆಚೆಯಿಂದ ಹೇಳಿದ: ಗುಂಪಿನ ದನಿ ಇವತ್ತು ತುಂಬಿಸೋಣ; ಮುಂದಾಳಿನ ಟ್ರ್ಯಾಕಿಗೆ ನೀವು ಗುರುತಿಗೆ ಕಚ್ಚಾ ದನಿ ಹಾಕಿ; ನಾಟಿ ಮುಗಿದ ಮೇಲೆ ಅಮ್ಮ ಒಬ್ಬರೇ ಬಂದು ಅದರ ಜಾಗದಲ್ಲಿ ತಮ್ಮ ದನಿ ತುಂಬಲಿ, ನಿಮ್ಮದು ಅಳಿಸುತ್ತೇನೆ.

ಆ ಮಾತು ಕೇಳಿ ನನಗೆ ಕುಣಿಯುವಷ್ಟು ಸಂತೋಷವಾಯಿತು. ಸಾವ್ಕಾರರ ಎಲೆಗೆ ಸಿಗದ ಒಂದು ಸಂದು ಸಿಕ್ಕಿತ್ತು. ಅಳಿಸಿ ಹೋಗುವ ದನಿ ಎಂದುಕೊಂಡೇ ನಾನು ನಿರಾಳವಾಗಿ ಹಾಡಿದೆ. ಕಾಲೇಜಿನಲ್ಲಿ ಭಾವಗೀತೆಗೆ ಬಹುಮಾನ ಪಡೆದ ದನಿ ಅದು. ಶ್ರುತಿಗೆ ಕೂತಿತ್ತು, ತಾಳಕ್ಕೆ ಕೂತಿತ್ತು. ಶಿಫ್ಟು ಮುಗಿಯುವುದರೊಳಗೆ ಎಂಟೂ ಪದಗಳಾದವು.

ನಾಟಿ ಮುಗಿದ ಮೇಲೆ ಸಂಘದಿಂದಲೇ ಮತ್ತಷ್ಟು ಸಾಲ ತೆಗೆದು ಅವ್ವನನ್ನು ಕರೆದುಕೊಂಡು ಹೋದೆ. ಅವಳ ಕಾಲ್ಬೆರಳ ಸಂದಿಗಳು ಕೆಸರಿಗೆ ಕೊಳೆತಿದ್ದವು, ಅರಿಶಿಣ ಹಚ್ಚಿಕೊಂಡಿದ್ದಳು. ಸೆರಗಿನ ಮೇಲೆಯೇ ಹೆಡ್‌ಫೋನು ಹಾಕಿದೆವು. ಗುಂಪಿನ ದನಿ ಕಿವಿಗೆ ಬಿದ್ದೊಡನೆ ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. "ಎಲ್ಲಾರು ಇಲ್ಲೇ ಅದಾರಲ್ಲಬೇ" ಎಂದು ನಕ್ಕಳು.

ಆಮೇಲೆ ನಗಲಿಲ್ಲ. ಅವಳು ಸಾಲು ಎತ್ತಿ, "ಮುಳುಗೈತಿ..." ಎಂಬಲ್ಲಿ ಎಳೆಯುತ್ತಿದ್ದಂತೆ ಟೇಪಿನ ಗುಂಪು "ಮುಂದ ಹಸರಾಗ್ಲಿ" ಎಂದು ಮೇಲೆ ಬಂದುಬಿಡುತ್ತಿತ್ತು. ಹೊಲದಲ್ಲಿ ಅವಳು ಒಮ್ಮೆ ಎಷ್ಟು ಎಳೆಯುತ್ತಾಳೋ ಇನ್ನೊಮ್ಮೆ ಅಷ್ಟೇ ಎಳೆಯುವುದಿಲ್ಲ. ಸಾಲಿನಲ್ಲಿ ಯಾರೋ ಹಿಂದುಳಿದರೆ ಎಳೆತ ಉದ್ದ, ಎಲ್ಲರೂ ಸಮ ಬಂದರೆ ಗಿಡ್ಡ. ಗುಂಪು ಅವಳ ಉಸಿರು ನೋಡಿ ಎತ್ತುತ್ತದೆ. ಟೇಪಿನಲ್ಲಿದ್ದ ಗುಂಪು ಎತ್ತಿದ್ದು ನನ್ನ ಉಸಿರಿಗೆ, ಅದೂ ಒಂದೇ ಅಳತೆಯ ಉಸಿರಿಗೆ.

"ನಾ ಮುಗಿಸೂದ್ರಾಗ ಎತ್ತಾಕತ್ಯಾರ. ಒಂಚೂರು ತಡೀರಿ ಅಂತ ಹೇಳು ಅವ್ರಿಗಿ."

"ಟೇಪ್ ತಡಿಯಲ್ಲಬೇ."

"ಮತ್ತ ನಾ ಹೆಂಗ ಹಾಡ್ಲಿ? ಓಡಿಕೋತ ಹಾಡ್ಲೇನು?"

ನಾನು ಅವಳ ಹೆಗಲ ಮೇಲೆ ಕೈಯಿಟ್ಟು, ಶುರುವಿಗೆ ಒಮ್ಮೆ, ನಿಲ್ಲುವುದಕ್ಕೆ ಒಮ್ಮೆ ತಟ್ಟಿದೆ. ಅವ್ವ ಆಜ್ಞೆಯಂತೆ ಶುರು ಮಾಡಿ ಆಜ್ಞೆಯಂತೆ ನಿಲ್ಲಿಸಿದಳು. ಕೇಳಿದರೆ ಅಕ್ಷರ ಕಲಿಯುವ ಹುಡುಗಿ ಪಾಠ ಒಪ್ಪಿಸಿದ ಹಾಗಿತ್ತು. ಮತ್ತೆ ಮಾಡಿದೆವು. ಮತ್ತೆ. ಗಾಜಿನ ಆಚೆಯವನು ತಾಳ್ಮೆ ಕಳೆದುಕೊಳ್ಳಲಿಲ್ಲ, ಆದರೆ ಗಡಿಯಾರ ನೋಡತೊಡಗಿದ. ಕೊನೆಗೆ ಅವ್ವನೇ ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡಳು. ಟೇಪಿನ ಸುರುಳಿಯಲ್ಲಿ ನನ್ನ ಕಚ್ಚಾ ದನಿ ಹಾಗೆಯೇ ಉಳಿಯಿತು.

ಮರಳುವ ರೈಲಿನಲ್ಲಿ ಮಿಲ್ಲಿನಲ್ಲಿ ನಡೆದ ಮಾತನ್ನೆಲ್ಲ ಅವಳಿಗೆ ಹೇಳಿದೆ, ಎರಡನೆಯ ಹಾದಿಯನ್ನೂ. ಕಿಟಕಿಯ ಕಡೆ ನೋಡುತ್ತ ಕೇಳಿಸಿಕೊಂಡಳು.

"ಹಂಗಂದ್ನೇನು ಸಾವ್ಕಾರ? ಎಲಿ ತಿರುಗಿ ತೊಗೋತೀನಿ ಅಂದ್ನಾ?"

"ಹೂಂ. ಆದ್ರ ಹಾಡು ಅವನ ಹೆಸರಿಗೆ ಹೋಗ್ತಿತ್ತಬೇ."

"ಹೋದ್ರ ಹೋಗ್ತಿತ್ತವ್ವ. ಕಂಠ ನಂದ ಇರ್ತಿತ್ತಲ್ಲ."

ನಾನು ವಾದಿಸಬಹುದಿತ್ತು. ಹಕ್ಕು ಎಂದರೇನು ಎಂದು ವಿವರಿಸಬಹುದಿತ್ತು. ಶಾಲೆಯಲ್ಲಿ ಅದನ್ನೇ ಪಾಠ ಹೇಳುತ್ತಿದ್ದೆ.

ಇನ್ನೊಮ್ಮೆ ಇಡೀ ಗುಂಪನ್ನು, ಅವ್ವನನ್ನು ಮುಂದೆ ನಿಲ್ಲಿಸಿ, ಸೊಲ್ಲಾಪುರಕ್ಕೆ ಒಯ್ಯುವುದೊಂದೇ ದಾರಿ. ಸಂಘದ ಪೆಟ್ಟಿಗೆ ಬರಿದಾಗಿತ್ತು. ಕಳೆ ತೆಗೆಯುವ ಕೆಲಸ ಶುರುವಾಗಿ ಗುಂಪು ಚದುರಿತ್ತು. ಸುರುಳಿಯನ್ನು ಹೆಚ್ಚು ದಿನ ಇಡಲಾಗದು, ಅದರ ಮೇಲೆ ಬೇರೆಯವರದು ತುಂಬಬೇಕು ಎಂದು ಸ್ಟುಡಿಯೋದವನು ಕಾರ್ಡು ಬರೆದ. ಮಾಸ್ತರರು ಶಹಾಪುರದ ನನ್ನ ಬಾಡಿಗೆ ಕೋಣೆಗೆ ಬಂದು, ಚಹಾದ ಬಟ್ಟಲನ್ನು ಬಹಳ ಹೊತ್ತು ತಿರುಗಿಸುತ್ತ ಕೂತು, "ಯುಗಾದಿ ಬಂತಲ್ಲವ್ವ" ಎಂದರು, ಅಷ್ಟೇ. ಹಣ ಕೇಳಿದ್ದರೆ ಜಗಳ ಮಾಡಬಹುದಿತ್ತು.

ಕ್ಯಾಸೆಟ್ಟು ನನ್ನ ದನಿಯಲ್ಲೇ ಬಂತು. ಹೊದಿಕೆಯ ಮೇಲೆ ಪದ ಕಟ್ಟಿದವರು ಎಂದು ಮೊದಲು ಅವ್ವನ ಹೆಸರು, ದೊಡ್ಡ ಅಕ್ಷರದಲ್ಲಿ. ಕೆಳಗೆ ಗುಂಪಿನ ಪ್ರತಿಯೊಬ್ಬಳ ಹೆಸರು. 'ಜಾನಪದ' ಎಂಬ ಮಾತು ಎಲ್ಲೂ ಇಲ್ಲ. ಚಿಗವ್ವ ಓದಲು ಬಾರದಿದ್ದರೂ ತನ್ನ ಹೆಸರು ಎಲ್ಲಿದೆ ಎಂದು ತೋರಿಸಿಕೊಂಡು, ಸಿಕ್ಕವರಿಗೆಲ್ಲ ಅಲ್ಲಿ ಬೆರಳಿಟ್ಟು ತೋರಿಸಿದಳು. ಸುರಪುರ, ಶಹಾಪುರದ ಬಸ್ ಸ್ಟ್ಯಾಂಡುಗಳಲ್ಲಿ, ಕೊಡೇಕಲ್ಲಿಗೆ ಹೋಗುವ ಯಾತ್ರಿಕರಿಗೆ, ನಾವೇ ನಿಂತು ಮಾರಿದೆವು. ಚೆನ್ನಾಗಿಯೇ ಹೋಯಿತು. ಸಂಘದ ಸಾಲ ಬಡ್ಡಿಸಮೇತ ತೀರಿತು, ಮಾಸ್ತರರು ಹೆಂಡತಿಯಿಂದ ಬೈಸಿಕೊಂಡರು. ಸಾವ್ಕಾರರ ಪಾಲನ್ನು ಕರಾರಿನಂತೆ ಪೈಸೆ ಬಿಡದೆ ಒಯ್ದು ಕೊಟ್ಟೆ. ಅವರು ಹಣ ಬೇಡ, ಅಷ್ಟೇ ಬೆಲೆಯ ಕ್ಯಾಸೆಟ್ಟು ಕೊಡು ಎಂದರು. ಕೊಟ್ಟೆ. ನಾನು ಬರೆದ ಆ ಕಾಗದದಲ್ಲಿ ಇವತ್ತಿಗೂ ಒಂದು ತಪ್ಪು ಹುಡುಕಿ ತೋರಿಸಲಾರಿರಿ.

ಅವರು ಕ್ಯಾಸೆಟ್ಟು ಏನು ಮಾಡಿದರು ಎಂಬುದು ಮುಂದಿನ ನಾಟಿಯಲ್ಲಿ ತಿಳಿಯಿತು. ಅವ್ವನಿಗೆ ಬುತ್ತಿ ಕೊಡಲು ಹೋಗಿದ್ದೆ. ಸಾವ್ಕಾರರ ಹೊಲದ ಬದುವಿಗೆ ಟ್ರ್ಯಾಕ್ಟರು ನಿಂತಿತ್ತು, ಅದರ ನೆತ್ತಿಗೆ ಎರಡು ಸ್ಪೀಕರು. ನನ್ನ ದನಿ ಕೆಸರಿನ ಮೇಲೆಲ್ಲ ಹರಡಿತ್ತು. ಪಕ್ಕದಲ್ಲಿ ಮುನೀಮ ಕೊಡೆ ಹಿಡಿದು ನಿಂತಿದ್ದ. ಹೆಂಗಸರ ಸಾಲು ಅದಕ್ಕೆ ತಕ್ಕಂತೆ ಹಿಂದಕ್ಕೆ ಸರಿಯುತ್ತಿತ್ತು, ಹಿಂದೆಂದಿಗಿಂತ ಚುರುಕಾಗಿ. ಪಲ್ಲವಿ ಬಂದಾಗ ಗುಂಪು ತಾನೂ ಬಾಯಿ ಕೂಡಿಸುತ್ತಿತ್ತು. ಅವ್ವ ಬಾಯಿ ಮುಚ್ಚಿಕೊಂಡು ಸಸಿ ಹಚ್ಚುತ್ತಿದ್ದಳು.

ಸೊಂಟ ಹಿಡಿದುಕೊಂಡು ಒಮ್ಮೆ ನೆಟ್ಟಗಾಗಿ, "ಅದನ್ನೊಂದೀಟು ಬಂದ್ ಮಾಡ್ರಿ. ಅಕಿ ಉಸಿರು ತೊಗೊಳ್ಳಾಕ ಬಿಡವಲ್ಲಳು" ಎಂದಳು.

"ಸಾವ್ಕಾರ್ರ ಹುಕುಂ ಐತಿ. ನಿನ್ನ ಮಗಳ ಹಾಡ್ಯಾಳ, ಕೇಳಾಕ ಏನ್ ಬ್ಯಾನಿ?" ಎಂದ ಮುನೀಮ. ನಾನು ಬದುವಿನ ಮೇಲಿದ್ದುದನ್ನು ಅವನು ಆಗ ನೋಡಿದ.

ಅಷ್ಟರಲ್ಲಿ ಒಂದು ಮಗ್ಗುಲು ಮುಗಿದು ಟೇಪು ಟಕ್ಕೆಂದು ನಿಂತಿತು. ಡ್ರೈವರ್ ಬೀಡಿ ಒಗೆದು ಟ್ರ್ಯಾಕ್ಟರಿನ ಮೇಲೆ ಹತ್ತತೊಡಗಿದ. ಹೊಲದಲ್ಲಿ ನೀರಿನ ಸಪ್ಪಳ ಮಾತ್ರ ಇತ್ತು. ಅವ್ವ ಬಗ್ಗಿದಲ್ಲಿಂದಲೇ ಎತ್ತಿದಳು:

"ಕಾಲುವಿ ಬಂತವ್ವ..."

ಸಾಲಿನ ಕೊನೆಯಲ್ಲಿ ಒಬ್ಬಳ ಕಾಲು ಕೆಸರಿನಲ್ಲಿ ಸಿಕ್ಕಿತ್ತು. ಅವ್ವ ಅದನ್ನು ಕಂಡಳು. 'ಮುಳುಗೈತಿ' ಎಂಬುದನ್ನು, ಹಿಂದುಳಿದವಳು ಕಾಲು ಕಿತ್ತುಕೊಂಡು ಸಾಲಿಗೆ ಬರುವವರೆಗೂ ಎಳೆದಳು. ಎಲ್ಲರೂ ಕಾದರು. ಅವ್ವನ ಉಸಿರು ಇಳಿಯಿತು, ಗುಂಪು ಬಾಯಿ ತೆರೆಯಿತು.

ಡ್ರೈವರ್ ಕ್ಯಾಸೆಟ್ಟು ಮಗುಚಿ ಹಾಕಿ ಗುಂಡಿ ಒತ್ತಿದ. ನನ್ನ ದನಿ ಶುರುವಾಯಿತು.